ಗಾಯಕ ರೆಡಿ, ಬ್ಯಾಂಡ್ ಬಾಕಿ

ರಾಕ್ ಬ್ಯಾಂಡ್ ಕಟ್ಟುವವನಿಗೆ ಮೊದಲು ಬೇಕಾದದ್ದು ಒಂದು ಹೆಸರು. ಆಮೇಲೆ ಲೋಗೊ. ಆಮೇಲೆ ಕಪ್ಪು ಟೀ ಶರ್ಟು, ಭುಜ ಮುಟ್ಟುವ ಕೂದಲು. ಡ್ರಮ್ಸ್ ಬಾರಿಸುವವನು, ಗಿಟಾರ್ ನುಡಿಸುವವನು, ಹಾಡು ಇತ್ಯಾದಿಗಳೆಲ್ಲ ದೇವರು ಕೊಟ್ಟಾಗ ಬಂದಾವು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತ ತಲೆ ನೆರೆಸಿಕೊಂಡ ನನಗೆ ಪ್ರತಿ ಬ್ಯಾಚಿನಲ್ಲೂ ಇಂಥವನೊಬ್ಬ ಸಿಕ್ಕಿದ್ದಾನೆ. ಸಿಇಟಿ ಕೌನ್ಸೆಲಿಂಗಿನಲ್ಲಿ ಇವನಿಗೆಂದೇ ಒಂದು ಸೀಟು ಮೀಸಲಿದೆಯೋ ಏನೋ. ಇಲ್ಲಿ ಬರೆಯುತ್ತಿರುವುದು 2007ರಲ್ಲಿ ಸೇರಿದವನ ಬಗ್ಗೆ. ಉಳಿದ ವರ್ಷದವರು ಇದು ತಮ್ಮ ವಿಷಯವೇ ಎಂದುಕೊಂಡರೆ ನನ್ನ ಆಕ್ಷೇಪವಿಲ್ಲ.

ಆ ವರ್ಷ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿ ಹೋಗಿತ್ತು. ಆ ಬ್ಯಾಂಡು ಭಾರತಕ್ಕೆ ಬಂದದ್ದು ಅದೇ ಮೊದಲು. ನಮ್ಮವನು ಆಗ ಹಾಸನದಲ್ಲಿ ಸೆಕೆಂಡ್ ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲಿದ್ದ. ಮೊದಲ ಸೆಮಿಸ್ಟರಿನಲ್ಲಿ ಇವನೇ ಹೇಳಿದ ಪ್ರಕಾರ ಅದನ್ನು ಪೇಪರಿನಲ್ಲಿ ಓದಿ ಹೊಟ್ಟೆ ಉರಿಸಿಕೊಂಡಿದ್ದ. ಎರಡನೇ ಸೆಮಿಸ್ಟರಿನ ಹೊತ್ತಿಗೆ ಮೈದಾನದ ಗೇಟಿನ ಹೊರಗೆ ನಿಂತು ಕೇಳಿದ್ದ. ಮೂರರಲ್ಲಿ ಟಿಕೆಟ್ ಸಿಕ್ಕಿತ್ತು. ಐದನೇ ಸೆಮಿಸ್ಟರಿನಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಯಿಂದ ಬಗ್ಗಿ ಇವನತ್ತಲೇ ಬೆರಳು ಮಾಡಿದ. ಡಿಗ್ರಿ ಇನ್ನೊಂದು ವರ್ಷ ಎಳೆದಿದ್ದರೆ ಆ ಹೊತ್ತು ಹಾಡಿದವನೇ ಇವನಾಗುತ್ತಿದ್ದ.

ಹುಟ್ಟಾ ಗಾಯಕನೇನಲ್ಲ. ಮೊದಲು ಕೊಂಡದ್ದು ಗಿಟಾರನ್ನೇ. ಕೋಲ್ಕತ್ತದಲ್ಲಿ ತಯಾರಾಗುವ ಗಿವ್ಸನ್ ಗಿಟಾರು, ಬಡ ವಿದ್ಯಾರ್ಥಿಗಳ ಪಾಲಿನ ಸರಸ್ವತಿ. ಅಮೆರಿಕದ ಗಿಬ್ಸನ್ನಿಗೂ ಇದಕ್ಕೂ ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಬೆಲೆಯಲ್ಲಿ ಎಷ್ಟು ಸೊನ್ನೆಗಳ ವ್ಯತ್ಯಾಸ ಎಂಬುದು ಬೇಡ. ಫೋಟೊ ತೆಗೆಸಿಕೊಳ್ಳುವಾಗಲೆಲ್ಲ ಇವನ ಹೆಬ್ಬೆರಳು ಸರಿಯಾಗಿ ಆ ಅಕ್ಷರದ ಮೇಲೇ ಬಂದು ಕೂರುತ್ತಿತ್ತು.

ಗಿಟಾರ್ ಕಲಿಯುವವರ ದಾರಿಯಲ್ಲಿ ಎಫ್ ಕಾರ್ಡ್ ಎಂಬ ಘಟ್ಟವೊಂದಿದೆ. ಅಲ್ಲಿಯವರೆಗೆ ಒಂದೊಂದು ಬೆರಳಿಗೆ ಒಂದೊಂದು ತಂತಿ ಒತ್ತಿಕೊಂಡು ಹಾಯಾಗಿದ್ದವನು ಇಲ್ಲಿ ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಅದುಮಬೇಕು. ಅಗ್ಗದ ಗಿಟಾರುಗಳಲ್ಲಿ ತಂತಿ ಕುತ್ತಿಗೆಯಿಂದ ಮೇಲೆದ್ದು ನಿಂತಿರುತ್ತದಾದ್ದರಿಂದ ಅದು ಕಲೆಯಲ್ಲ, ಗರಡಿ. ವಿಟಿಯು ವಿದ್ಯಾರ್ಥಿಗಳಿಗೆ ಎಂ-3, ಅಂದರೆ ಮೂರನೇ ಸೆಮಿಸ್ಟರಿನ ಗಣಿತ, ಹೇಗೋ ಗಿಟಾರಿನವರಿಗೆ ಇದು ಹಾಗೆ. ನಮ್ಮವನು ಎರಡರಲ್ಲೂ ಒಂದೇ ಸೆಮಿಸ್ಟರಿನಲ್ಲಿ ಫೇಲಾದ. ಎಂ-3 ಅನ್ನು ಮತ್ತೆ ಕಟ್ಟಲೇಬೇಕು. ಎಫ್ ಕಾರ್ಡಿಗೆ ಆ ಕಡ್ಡಾಯವಿಲ್ಲ. "ನಾನು ಬೇಸಿಕಲಿ ವೋಕಲಿಸ್ಟ್ ಸರ್" ಎಂದು ಘೋಷಿಸಿದ. ಗಂಟಲಿಗೆ ಬಂಡವಾಳ ಬೇಡ, ತಂತಿ ಕಟ್ಟುವುದು ಬೇಡ, ಬಸ್ಸಿನಲ್ಲಿ ಲಗೇಜ್ ಟಿಕೆಟ್ ಇಲ್ಲ. ನಮ್ಮ ದೇಶದ ಎಷ್ಟು ರಾಕ್ ಗಾಯಕರು ಈ ಬಾಗಿಲಿನಿಂದ ಒಳಬಂದವರೋ, ಅವರ ಗಿಟಾರುಗಳೇ ಹೇಳಬೇಕು.

ಲೋಗೊ ಸಿದ್ಧವಾದದ್ದು ನನ್ನ ಕ್ಲಾಸಿನಲ್ಲೇ, ಅನಲಾಗ್ ಸರ್ಕ್ಯೂಟ್ಸ್ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ. ಮೆಟಲ್ ಬ್ಯಾಂಡಿನ ಲೋಗೊ ಯಾರಿಗೂ ಓದಲು ಬರಬಾರದು ಎಂಬುದು ಶಾಸ್ತ್ರವಂತೆ. ಆ ಲೆಕ್ಕಕ್ಕೆ ಇವನ ಇಂಟರ್ನಲ್ಸ್ ಉತ್ತರ ಪತ್ರಿಕೆಗಳೂ ಲೋಗೊಗಳೇ. ಹಿಡಿದು ನಿಲ್ಲಿಸಿ ಕೇಳಿದೆ.

"ಏನಪ್ಪಾ ಇದು?"

"ಸರ್, ಫ್ರೆಡ್ಡಿ ಮರ್ಕ್ಯುರಿ ಕೂಡ ಕ್ವೀನ್ ಬ್ಯಾಂಡಿನ ಲಾಂಛನ ತಾನೇ ಬರೆದಿದ್ದು."

ಸರಿಯಾದ ಮಾತೇ. ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿ ಲಂಡನ್ ಸೇರಿದ ಆ ಪಾರ್ಸಿ ಹುಡುಗ ಈಲಿಂಗ್ ಕಲಾ ಶಾಲೆಯಲ್ಲಿ ಗ್ರಾಫಿಕ್ ಕಲೆ ಕಲಿತವನು. ಚಿತ್ರ ಬರೆಯುವುದೇ ಅವನ ಸಿಲಬಸ್ಸು. ಇವನ ಸಿಲಬಸ್ಸಿನಲ್ಲಿ ಇದ್ದದ್ದು ಟ್ರಾನ್ಸಿಸ್ಟರು. ಇದನ್ನು ಹೇಳಿದ್ದಕ್ಕೆ "ಡೀಟೇಲ್ಸ್ ಸರ್, ಡೀಟೇಲ್ಸ್" ಎಂದು ಕೂದಲು ಹಿಂದಕ್ಕೆ ಎಸೆದ.

ಕೋರ್ಟಿನಲ್ಲಿ ಹಳೇ ತೀರ್ಪುಗಳನ್ನು ಮುಂದಿಟ್ಟು ವಾದಿಸುತ್ತಾರಲ್ಲ, ಇವನದು ಅದೇ ವಕೀಲಿ. ರಾಕ್ ಗಾಯಕರ ಕಾಲೇಜು ದಿನಗಳೆಲ್ಲ ನಾಲಿಗೆಯ ತುದಿಯಲ್ಲಿ. ಪಿಂಕ್ ಫ್ಲಾಯ್ಡ್‌ನ ಮೂವರು ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ಕಿಗೆ ಆರ್ಕಿಟೆಕ್ಚರ್ ಓದಲು ಬಂದವರು. ಯಾರ ಮನೆಯ ಪ್ಲಾನ್ ಹಾಕಿದರು? ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್ ಸರ್ಕಾರಿ ಸ್ಕಾಲರ್‌ಶಿಪ್ ಪಡೆದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿ ನಡುವೆಯೇ ಬಿಟ್ಟವನು. ಎಂ-3 ಮೂರನೇ ಸಲ ಕೈಕೊಟ್ಟಾಗ ಇವನು ಎತ್ತಿದ ಅಸ್ತ್ರ ಮಾತ್ರ ನನ್ನನ್ನು ಸುಮ್ಮನಾಗಿಸಿತು. "ಕ್ವೀನ್ ಗಿಟಾರಿಸ್ಟ್ ಬ್ರಯನ್ ಮೇ ಪಿಎಚ್‌ಡಿ ಶುರು ಮಾಡಿದ್ದು 1970ರಲ್ಲಿ, ಮುಗಿಸಿದ್ದು 2007ರಲ್ಲಿ. ಇಂಪೀರಿಯಲ್ ಕಾಲೇಜಿನವರು ಏನಾದ್ರೂ ಅಂದ್ರಾ ಸರ್? ನಾನು ಎಂ-3ಗೆ ಎರಡು ವರ್ಷ ತಗೊಂಡ್ರೆ ಹೆಚ್ಚಾ?"

ಈ ವಕೀಲಿಗೆ ಎದುರು ವಾದಿ ಹುಟ್ಟಿದ್ದು ಹಾಸನದಲ್ಲಿ. ಇವನ ತಂದೆ ಎಲ್‌ಐಸಿ ಏಜೆಂಟರು. ಒಲ್ಲೆ ಎಂದವನ ಮನೆಗೆ ಹತ್ತು ಸಲ ಹೋಗಿಬಂದು ಪಾಲಿಸಿ ಮಾಡಿಸುವ ಜನ, ತಯಾರಿಯಿಲ್ಲದೆ ಪೇರೆಂಟ್ಸ್ ಮೀಟಿಂಗಿಗೆ ಬಂದಾರೆಯೇ? ಬ್ಯಾಗಿನಿಂದ ಪೇಪರ್ ಕಟಿಂಗುಗಳನ್ನು ತೆಗೆದು ನನ್ನ ಮೇಜಿನ ಮೇಲೆ ಹರಡಿದರು.

"ನೋಡಿ ಸಾರ್, ರಘು ದೀಕ್ಷಿತ್. ನಮ್ಮ ಮೈಸೂರಲ್ಲಿ ಬೆಳೆದ ಹುಡುಗ. ಎಂಎಸ್ಸಿ ಮೈಕ್ರೋಬಯಾಲಜಿ, ಗೋಲ್ಡ್ ಮೆಡಲ್. ಅದರ ಮೇಲೆ ಭರತನಾಟ್ಯ. ಗಿಟಾರ್ ತಾನೇ ಕಲಿತಿದ್ದಂತೆ. ಇವನಿಗೆ ಅದೇ ಹೇಳ್ದೆ, ಮೊದಲು ಮೆಡಲ್ ತಗೊಂಡು ಬಾರಪ್ಪಾ, ಆಮೇಲೆ ಲುಂಗಿ ಉಟ್ಕೊಂಡು ಏನಾದ್ರೂ ಕುಣಿ ಅಂತ."

"ಅಪ್ಪಾ, ಅವರದು ಫೋಕ್ ರಾಕ್. ನಮ್ಮದು ಥ್ರ್ಯಾಶ್ ಮೆಟಲ್."

"ಇರ್ಲಿ. ನಿಮ್ಮ ಆ ಐರನ್ ಅಂಗಡಿ ಡಿಕಿನ್ಸನ್? ಲಂಡನ್ನಿನ ಕ್ವೀನ್ ಮೇರಿ ಕಾಲೇಜಲ್ಲಿ ಹಿಸ್ಟರಿ ಡಿಗ್ರಿ ಮುಗಿಸಿದ್ದಾನೆ. ವಿಮಾನ ಬೇರೆ ಓಡಿಸ್ತಾನೆ. ನಿನಗೆ ಟೂ ವೀಲರ್ ಲೈಸೆನ್ಸಾದ್ರೂ ಇದೆಯೇನೋ?"

ಮಗನ ಮುಖ ಪೂರ್ತಿ ಕೂದಲಿನ ಹಿಂದೆ ಮರೆಯಾಯಿತು. ಆಗಲೂ ಕೊನೆಯ ಪ್ರಯತ್ನವಾಗಿ ಜಾಗರನ ಹೆಸರು ಬಂತು. ಅಲ್ಲಿ ಮಾತ್ರ ನಾನೇ ಬಾಯಿ ಹಾಕಬೇಕಾಯಿತು. ರೋಲಿಂಗ್ ಸ್ಟೋನ್ಸ್ ಮೊದಲ ಸಲ ವೇದಿಕೆ ಹತ್ತಿದ್ದು 1962ರ ಜುಲೈನಲ್ಲಿ, ಜಾಗರ್ ಕಾಲೇಜು ಬಿಟ್ಟದ್ದು ಮುಂದಿನ ವರ್ಷ. ಬ್ಯಾಂಡ್ ಕಟ್ಟಿದ ಮೇಲೆ ಕಾಲೇಜು ಬಿಟ್ಟವರುಂಟು. ಬ್ಯಾಂಡೇ ಇಲ್ಲದೆ ಬಿಡುವುದಕ್ಕೆ ರಾಕ್ ಇತಿಹಾಸದಲ್ಲಿ ಬೇರೆ ಹೆಸರಿಲ್ಲ, ಮನೆಯಲ್ಲಿರುವುದು ಎನ್ನುತ್ತಾರೆ.

ಜಾಗರನ ಕಥೆಯ ಇನ್ನೊಂದು ತುಂಡು ಇವನಿಗೆ ಬಹಳ ದಿನ ಕಾಟ ಕೊಟ್ಟಿತು. 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಜಾಗರನ ಕಂಕುಳಲ್ಲಿದ್ದ ಚಕ್ ಬೆರಿ, ಮಡ್ಡಿ ವಾಟರ್ಸ್ ರೆಕಾರ್ಡುಗಳನ್ನು ಕಂಡು, ಮುಂದೆ ಸ್ಟೋನ್ಸ್‌ನ ಗಿಟಾರಿಸ್ಟ್ ಆದ ಕೀತ್ ರಿಚರ್ಡ್ಸ್ ಮಾತಿಗೆಳೆದ, ಅಲ್ಲಿಂದ ಎಲ್ಲವೂ ಶುರುವಾಯಿತು. ಅದನ್ನು ಓದಿದಂದಿನಿಂದ ಇವನು ಶನಿವಾರ ಹಾಸನಕ್ಕೆ ಹೊರಟಾಗಲೆಲ್ಲ ಮೆಟಾಲಿಕಾ ಸಿಡಿಯನ್ನು ಎದೆಗೆ ಕಾಣುವಂತೆ ಹಿಡಿದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದನಂತೆ. ಕೀತ್ ರಿಚರ್ಡ್ಸ್ ಬರಲಿಲ್ಲ. ಒಬ್ಬ ಹಿರಿಯರು ಹತ್ತಿರ ಬಂದು "ಏನು ರೇಟು?" ಎಂದರು, ಮಾರುವವನೆಂದುಕೊಂಡು. ಇನ್ನೊಂದು ಸಲ ಟಿಟಿಇ ಬಂದರು. ಅವರಿಗೆ ಬೇಕಿದ್ದದ್ದು ಟಿಕೆಟು.

ನಿಜವಾದ ತೊಡಕು ಡ್ರಮ್ಮರಿನದು. ಗಾಯಕರು ಹಾಸ್ಟೆಲಿನ ಬಾತ್‌ರೂಮಿಗೊಬ್ಬರು, ಗಿಟಾರಿನವರು ಬೆಂಚಿಗೊಬ್ಬರು. ಗಿಟಾರಿನವರಲ್ಲೇ ಕಡಿಮೆ ನುಡಿಸುವವನನ್ನು ಒಪ್ಪಿಸಿದರೆ ಬೇಸಿಸ್ಟ್. ಡ್ರಮ್ಮರ್ ಎಂದರೆ ಹಾಗಲ್ಲ. ಡ್ರಮ್ ಕಿಟ್ ಇರಬೇಕು. ಅದನ್ನಿಡಲು ಸ್ವಂತ ಮನೆಯ ತಾರಸಿ ಮೇಲೆ ರೂಮು ಇರಬೇಕು. ಬಾರಿಸಿದರೆ ಸುಮ್ಮನಿರುವ ತಾಯಿ ಇರಬೇಕು, ಇವಕ್ಕೆಲ್ಲ ಮಿಗಿಲಾಗಿ ಕಿವಿ ಮಂದವಾದ ನೆರೆಯವರು ಬೇಕು. ಇಷ್ಟೂ ಕೂಡಿ ಬಂದವನಿಗೆ ಊರಿನ ಅರ್ಧ ಡಜನ್ ಬ್ಯಾಂಡುಗಳಿಂದ ಸಂಬಂಧ ಬರುತ್ತದೆ. ರಾಜಾಜಿನಗರದಲ್ಲಿ ಒಬ್ಬನಿದ್ದಾನೆಂದು ತಿಳಿದು ನಮ್ಮವನು ಅವರ ಮನೆಗೆ ಹೋದದ್ದು ಥೇಟ್ ಹೆಣ್ಣು ನೋಡುವ ಶಾಸ್ತ್ರದ ಹಾಗೇ ನಡೆಯಿತು. ಅಂದು ಮಾತ್ರ ಕೂದಲಿಗೆ ಎಣ್ಣೆ ಹಚ್ಚಿ ಜುಟ್ಟು ಕಟ್ಟಿದ್ದ. ಡ್ರಮ್ಮರಿನ ತಾಯಿ ಉಪ್ಪಿಟ್ಟು ಕೊಟ್ಟು "ಯಾವೂರಪ್ಪಾ, ಯಾವ ಬ್ರಾಂಚು, ಬ್ಯಾಕ್ ಎಷ್ಟಿವೆ?" ಎಂದು ವಿಚಾರಿಸಿದರು. ಡ್ರಮ್ಮರ್ ತಲೆ ತಗ್ಗಿಸಿ ಕೂತಿದ್ದ. ಬ್ಯಾಕುಗಳು ನಾಲ್ಕು ಎಂದು ತಿಳಿದ ಮೇಲೆ "ಆಮೇಲೆ ಹೇಳಿ ಕಳಿಸ್ತೀವಿ" ಎಂದರು. ಆಗ ನಾಲ್ಕು ದಾಟಿದರೆ ಇಯರ್ ಬ್ಯಾಕ್ ಎಂಬುದು ರಾಜಾಜಿನಗರದ ತಾಯಂದಿರಿಗೂ ಗೊತ್ತಿತ್ತು.

ಹೀಗೆ ಬ್ಯಾಂಡಿಲ್ಲದ ಗಾಯಕ ಕಾಲೇಜು ಫೆಸ್ಟುಗಳಲ್ಲಿ ವೆಸ್ಟರ್ನ್ ಸೋಲೊ ವಿಭಾಗಕ್ಕೆ ನಿಲ್ಲತೊಡಗಿದ. ಡ್ರಮ್ಸು ಗಿಟಾರು ಎಲ್ಲ ಲ್ಯಾಪ್‌ಟಾಪಿನಲ್ಲಿ, ತಾನೊಬ್ಬ ವೇದಿಕೆಯ ಮೇಲೆ. ಮೆಟಲ್ ಗಾಯಕರು ಮೈಕಿನ ತಲೆಯನ್ನೇ ಅಂಗೈಯಲ್ಲಿ ಮುಚ್ಚಿ ಹಿಡಿಯುವುದನ್ನು ವಿಡಿಯೊದಲ್ಲಿ ನೋಡಿದ್ದನಲ್ಲ, ಹಾಗೇ ಹಿಡಿದ. ಹಾಡುವ ಮೈಕಿನ ಜಾಲರಿಯ ಹಿಂಬದಿಯಲ್ಲೂ ಗಾಳಿಯಾಡುವ ದಾರಿ ಇರುತ್ತದೆ. ಹಿಂದಿನಿಂದ ಬರುವ ದನಿಯನ್ನು ತಳ್ಳಿಹಾಕಿ ಮುಂದಿನದನ್ನಷ್ಟೇ ಹಿಡಿಯಲು ಮಾಡಿದ ಉಪಾಯ ಅದು. ಆ ದಾರಿಯನ್ನು ಅಂಗೈಯಿಂದ ಮುಚ್ಚಿದರೆ ಮೈಕು ನಾಲ್ಕು ದಿಕ್ಕಿನ ದನಿಯನ್ನೂ ಕುಡಿಯುತ್ತದೆ. ಕಾಲ ಬುಡದಲ್ಲಿ ಮಾನಿಟರ್ ಸ್ಪೀಕರು. ಅದರಿಂದ ಹೊರಟದ್ದು ಮೈಕಿಗೆ, ಮೈಕಿನಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಮತ್ತೆ ಸ್ಪೀಕರಿಗೆ. ಹುಟ್ಟಿದ ಕೀರಲು ಎಂಥದೆಂದರೆ, ಕ್ಯಾಂಪಸ್ಸಿನ ನಾಯಿಗಳು ಗೇಟು ದಾಟಿ ಹೋದವು. ತೀರ್ಪುಗಾರರೊಬ್ಬರು ಅದನ್ನು ಹಾಡಿನ ಭಾಗವೆಂದೇ ತಿಳಿದು ಧ್ವನಿಯ ವ್ಯಾಪ್ತಿಗೆ ಒಳ್ಳೆಯ ಅಂಕ ಕೊಟ್ಟರು.

ಮುಂದಿನ ವಾರ ಅವನಿಗೆ ಅನಲಾಗ್ ಲ್ಯಾಬಿನ ವೈವಾ. ಎದುರಿಗೆ ನಾನು.

"ಆಸಿಲೇಟರ್ ಅಂದ್ರೇನಪ್ಪಾ?"

ಚಾವಣಿ ನೋಡಿದ.

"ಬಾರ್ಕ್‌ಹೌಸನ್ ಷರತ್ತು ಹೇಳು."

"ಸರ್, ಅವರು ಯಾವ ಬ್ಯಾಂಡು?"

"ಹೋದ ಶನಿವಾರ ಸ್ಟೇಜ್ ಮೇಲೆ ನೀನು ಮಾಡಿ ತೋರಿಸಿದೆಯಲ್ಲ, ಅದು."

ಕಣ್ಣು ಅರಳಿತು. ಆಮೇಲೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. ಹೊರಟ ಸಿಗ್ನಲ್ಲು ಒಂದು ಸುತ್ತು ಬಂದು ಸೇರುವಾಗ ಅಷ್ಟೇ ಬಲದಲ್ಲಿ, ಅದೇ ಹೆಜ್ಜೆಯಲ್ಲಿ ಬಂದು ಸೇರಿದರೆ ಸರ್ಕ್ಯೂಟು ತನ್ನಷ್ಟಕ್ಕೆ ಕೂಗಲು ಶುರುಮಾಡುತ್ತದೆ ಎಂಬುದನ್ನು ಯಾವ ಪುಸ್ತಕದಲ್ಲೂ ಇಲ್ಲದ ಮಾತುಗಳಲ್ಲಿ, ನಡುನಡುವೆ ಕೀರಲು ದನಿಯನ್ನು ಬಾಯಲ್ಲೇ ಮಾಡಿ ವಿವರಿಸಿದ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಪೆನ್ನು ಕೆಳಗಿಟ್ಟು ಕೇಳಿದರು. ನನ್ನ ಸರ್ವೀಸಿನಲ್ಲಿ ಆ ಪ್ರಶ್ನೆಗೆ ಸಿಕ್ಕ ಅತ್ಯುತ್ತಮ ಉತ್ತರ ಅದೇ ಎಂದು ಈಗಲೂ ಹೇಳುತ್ತೇನೆ. ಥಿಯರಿ ಪೇಪರಿನಲ್ಲಿ ಅದೇ ಪ್ರಶ್ನೆ ಬಂತು, ಬಿಟ್ಟು ಬಂದ. ಬರೆಯುವಾಗ ಕಿರುಚಲಾಗುವುದಿಲ್ಲವಲ್ಲ.

ಆರನೇ ಸೆಮಿಸ್ಟರಿನಲ್ಲಿ ಥ್ರ್ಯಾಶ್ ಹೋಗಿ ಫೋಕ್ ರಾಕ್ ಬಂತು. 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಂ ಬಂದ ಮೇಲೆ ಊರಿನಲ್ಲಿ ಗಿಟಾರಿದ್ದವರೆಲ್ಲ ಶಿಶುನಾಳ ಷರೀಫರ ಮನೆ ಬಾಗಿಲು ತಟ್ಟತೊಡಗಿದ್ದರು. 1889ರಲ್ಲಿ ತೀರಿಕೊಂಡ ಆ ಸಂತರು ತಮ್ಮ ಪದಗಳಿಗೆ ಡಿಸ್ಟಾರ್ಷನ್ ಪೆಡಲ್ ಬಂದೀತೆಂದು ಕನಸಿನಲ್ಲೂ ಎಣಿಸಿರಲಾರರು. ನಮ್ಮವನು ತಡವಾಗಿ ಹೋದ. ಒಳ್ಳೊಳ್ಳೆಯ ತತ್ವಪದಗಳನ್ನು ಬೇರೆ ಕಾಲೇಜಿನವರು ಆಗಲೇ ಹಿಡಿದುಬಿಟ್ಟಿದ್ದರು. "ಷರೀಫರದ್ದು ಇನ್ನೂ ಯಾರೂ ಮುಟ್ಟದೇ ಇರೋದು ಯಾವುದಿದೆ ಸರ್?" ಎಂದು ಕನ್ನಡ ಮೇಷ್ಟರನ್ನು ಸ್ಟಾಫ್ ರೂಮಿಗೇ ಬಂದು ಕೇಳಿದ, ಸೈಟು ವಿಚಾರಿಸಿದ ಹಾಗೆ. ಮೇಷ್ಟರು ಅರ್ಥ ಬಿಡಿಸಿ ಹೇಳಲು ಕೂತರು. ಅರ್ಥ ಬೇಡ, ಟೆಂಪೊ ಸಾಕೆಂದು ಇವನು. ಆದರೆ ಒಂದು ಮಾತು ಒಪ್ಪಬೇಕು. ಕನ್ನಡದಲ್ಲಿ ಹಾಡಿದಾಗ ಇವನು ಏನು ಹಾಡುತ್ತಿದ್ದಾನೆ ಎಂದು ಕೇಳುವವರಿಗೆ ತಿಳಿಯುತ್ತಿತ್ತು. ಶ್ರುತಿ ತಪ್ಪಿದ್ದೂ ಆಗಲೇ ತಿಳಿದದ್ದು. ಮರುವಾರವೇ ಥ್ರ್ಯಾಶ್‌ಗೆ ವಾಪಸಾದ.

ಎಂ-3 ಕೊನೆಗೂ ಪಾಸಾಯಿತು, ನೂರಕ್ಕೆ 35. ತಂದೆಗೆ ಫೋನು ಮಾಡಿ ಹೇಳಿದನಂತೆ. ಮೆಡಲ್ಲಿನ ವಿಷಯ ಅವರು ಎತ್ತಲಿಲ್ಲ. 2011ರ ಬೇಸಿಗೆಯಲ್ಲಿ ಬ್ಯಾಚಿನ ಗಿಟಾರಿನವರೆಲ್ಲ ಇನ್ಫೋಸಿಸ್ ತರಬೇತಿಗೆಂದು ಕೂದಲು ಕತ್ತರಿಸಿಕೊಂಡು ಮೈಸೂರಿಗೆ ಹೋದರು. ಇವನು ಜುಟ್ಟು ಉಳಿಸಿಕೊಂಡು ಕೈಯಲ್ಲೊಂದು ಕಾಗದ ಹಿಡಿದು ನನ್ನ ರೂಮಿಗೆ ಬಂದ. ನೋ ಡ್ಯೂಸ್ ಸರ್ಟಿಫಿಕೇಟು ಎಂದುಕೊಂಡು ಪೆನ್ನಿನ ಮುಚ್ಚಳ ತೆಗೆದೆ.

"ಅದಲ್ಲ ಸರ್. ಬ್ಯಾಂಡ್ ಆಯ್ತು."

"ಭಪ್ಪರೆ! ಡ್ರಮ್ಮರ್ ಸಿಕ್ಕಿದನೇನಯ್ಯಾ?"

"ಸಿಕ್ಕಿದ ಸರ್, ಸೂಪರ್ ಹುಡುಗ. ಮಲ್ಲೇಶ್ವರದಲ್ಲಿ ಸ್ವಂತ ಮನೆ, ಮೇಲೆ ಖಾಲಿ ರೂಮು. ಅವರಜ್ಜಿಗೆ ಕಿವಿ ಅಷ್ಟಾಗಿ ಕೇಳಲ್ಲ."

"ಮತ್ತಿನ್ನೇನು? ಯಾವ ಕಂಪನಿಯಲ್ಲಿದ್ದಾನೆ?"

"ಇಲ್ಲೇ ಸರ್, ನಮ್ಮ ಕಾಲೇಜೇ. ಸೆಕೆಂಡ್ ಸೆಮ್." ಕಾಗದವನ್ನು ಮೆಲ್ಲಗೆ ನನ್ನ ಮುಂದಕ್ಕೆ ಸರಿಸಿದ. "ನಮ್ಮ ಪ್ರಾಕ್ಟೀಸ್‌ಗೆ ಬಂದು ಬಂದು ಅವನಿಗೆ ಅಟೆಂಡೆನ್ಸ್ ಶಾರ್ಟೇಜ್ ಆಗಿದೆ. ನೀವೊಂದು ಸೈನ್ ಹಾಕಿದ್ರೆ..."