ತಲೆಗೆ 776 ಪೌಂಡ್

ನಾನು ಲೀಡ್ಸಿಗೆ ಹೋದದ್ದು ಪಿಎಚ್.ಡಿ. ಮಾಡಲು. ಅಲ್ಲಿಗೆ ಹೋದ ಮೇಲೆ ತಿಳಿಯಿತು, ನಾನು ನಿಜವಾಗಿ ಪಾಸಾಗಬೇಕಾದದ್ದು ಪ್ರೈಮರಿ ಶಾಲೆ ಎಂದು.

ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಓದಲು ಹೋಗುವುದಕ್ಕೂ ಈಗ ಪುಣ್ಯ ಬೇಕು. 2024ರ ಜನವರಿಯಿಂದ ಒಂದು ವರ್ಷದ ಎಂ.ಎಸ್ಸಿ.ಗೆ ಹೋಗುವವರು ಸಂಸಾರವನ್ನು ಊರಲ್ಲೇ ಬಿಡಬೇಕು, ಪಿಎಚ್.ಡಿ.ಯವರಿಗೆ ವಿನಾಯಿತಿ ಉಂಟು. ಹೀಗೆ ನಲವತ್ತು ದಾಟಿದ ನಾನು ವಿದ್ಯಾರ್ಥಿನಿಯಾದೆ, ನಮ್ಮೆಜಮಾನರು ನನ್ನ ಅವಲಂಬಿತರಾದರು. ಮದುವೆಯಾದಾಗಿನಿಂದ ಆ ಕಾಲಮ್ಮಿನಲ್ಲಿ ನನ್ನ ಹೆಸರು ತುಂಬಿಕೊಂಡು ಬಂದವರು ಅವರು. ಈ ಸಲ ಫಾರಂ ನನ್ನ ಕೈಯಲ್ಲಿತ್ತು. ಅವರ ಹೆಸರಿನ ಸ್ಪೆಲ್ಲಿಂಗನ್ನು ಬೇಕೆಂದೇ ಇನ್ನೊಮ್ಮೆ ಕೇಳಿದೆ.

ವೀಸಾದ ಜೊತೆ ಆರೋಗ್ಯದ ಸುಂಕ ಬೇರೆ: ತಲೆಗೆ ವರ್ಷಕ್ಕೆ 776 ಪೌಂಡ್, ಅದೂ ಅಷ್ಟೂ ವರ್ಷಗಳದ್ದು ಮುಂಗಡ. ಚಳಿಗಾಲ ಶುರುವಾಗುವಷ್ಟರಲ್ಲಿ ಶಾಲೆಯಿಂದ ಬಹಳ ವಿನಯದ ಪತ್ರ ಬಂತು. ತರಗತಿಯಲ್ಲಿ ಹೇನು ಕಾಣಿಸಿಕೊಂಡಿದೆ, ಯಾರ ತಲೆಯದೆಂದು ಹೇಳುವಂತಿಲ್ಲ, ಎಲ್ಲರೂ ದಯವಿಟ್ಟು ನೋಡಿಕೊಳ್ಳಿ. ನೋಡಿದೆ. 776 ಪೌಂಡ್ ಕಟ್ಟಿದ ತಲೆಯಲ್ಲೇ ಇತ್ತು!

ವಿಡಿಯೋ ಕಾಲಿನಲ್ಲಿ ಅತ್ತೆಗೆ ಹೇಳಿದರೆ, "ಇದಕ್ಕೆ ವಿಮಾನ ಹತ್ತಬೇಕಿತ್ತೇನೇ? ನಮ್ಮೂರ ಶಾಲೇಲೇ ಪುಕ್ಕಟೆ ಸಿಕ್ತಿತ್ತಲ್ಲ" ಎಂದರು. ಆದರೂ ಕರುಳು ಕೇಳಬೇಕಲ್ಲ, ಆ ಕಡೆಗೆ ಬರುವವರೊಬ್ಬರ ಕೈಲಿ ಚಟ್ನಿಪುಡಿಯ ಪಕ್ಕದಲ್ಲೇ ಒಂದು ಸೀರಣಿಗೆ ಇಟ್ಟು ಕಳಿಸಿದರು. ನನ್ನ ಸಂಶೋಧನೆಯ ಸೈದ್ಧಾಂತಿಕ ಅಧ್ಯಾಯ ಹುಟ್ಟಿದ್ದು ಮಗಳ ಜಡೆ ಬಿಚ್ಚಿ ಕೂತ ಆ ಸಂಜೆಗಳಲ್ಲಿ. ಗೈಡ್ ಅದನ್ನು ಓದಿ "ಸೂಕ್ಷ್ಮ ಪರಿಶೀಲನೆ ಚೆನ್ನಾಗಿದೆ" ಎಂದರು.

ವಿಶ್ವವಿದ್ಯಾಲಯದ ಕರುಣೆ ಅಪಾರ. ಜ್ವರ ಬಂತು, ಗಡುವು ಮುಂದೂಡಿ ಎಂದರೆ ಮುಂದೂಡುತ್ತಾರೆ. ಶಾಲೆಯ ಹತ್ತಿರ ಇದೆಲ್ಲ ನಡೆಯುವುದಿಲ್ಲ. ಮಗು ಅನುಮತಿಯಿಲ್ಲದೆ ಐದು ದಿನ ಚಕ್ಕರ್ ಹೊಡೆದರೆ ಅಪ್ಪನಿಗೆ 80 ಪೌಂಡ್, ಅಮ್ಮನಿಗೆ 80 ಪೌಂಡ್ ದಂಡ ಬೀಳಬಹುದು. ಮೂರು ವಾರದೊಳಗೆ ಕಟ್ಟದಿದ್ದರೆ ಇಬ್ಬರಿಗೂ ದುಪ್ಪಟ್ಟು. ಮೈದುನನ ಮದುವೆಗೆ ನಾವು ಹೋಗದ ಕಾರಣವನ್ನು ನೆಂಟರಿಷ್ಟರು ಇನ್ನೂ ನಂಬಿಲ್ಲ.

ಇನ್ನು ಮಾರ್ಚಿನ ವಿಶ್ವ ಪುಸ್ತಕ ದಿನ. ಬೇರೆ ಬಹುಪಾಲು ದೇಶಗಳು ಅದನ್ನು ಏಪ್ರಿಲ್ 23ಕ್ಕೆ ಇಟ್ಟುಕೊಂಡರೆ ಬ್ರಿಟನ್ನಿನವರದು ಮಾರ್ಚಿನಲ್ಲೇ, ಅದೂ ಗುರುವಾರ. ಮಕ್ಕಳು ಕಥೆಯ ಪಾತ್ರವಾಗಿ ವೇಷ ಹಾಕಿಕೊಂಡು ಬರಬೇಕು. ಇದು ತಾಯಂದಿರ ನೆನಪಿಗೆ ಬರುವುದು ಬುಧವಾರ ರಾತ್ರಿ. ಅಂಗಡಿಯ ಹ್ಯಾರಿ ಪಾಟರ್ ವೇಷಗಳೆಲ್ಲ ಅಷ್ಟರಲ್ಲಿ ಖರ್ಚಾಗಿರುತ್ತವೆ. ಅವರಪ್ಪನ ಪಂಚೆ, ನನ್ನ ಶಾಲು ಸುತ್ತಿ ಮಗನನ್ನು ತೆನಾಲಿ ರಾಮಕೃಷ್ಣ ಮಾಡಿ ಕಳಿಸಿದೆ. ಟೀಚರು "ಓ, ಗಾಂಧಿ!" ಎಂದು ಸ್ಟಿಕ್ಕರ್ ಅಂಟಿಸಿದರಂತೆ. "ನೀನು ಹೇಳಲಿಲ್ಲವೇನೋ?" ಎಂದರೆ, "ಹೇಳಿದ್ರೆ ಸ್ಟಿಕ್ಕರ್ ವಾಪಸ್ ತಗೊಳ್ತಿದ್ರು" ಎಂದ. ತೆನಾಲಿಯ ಪಾತ್ರವನ್ನು ಅವನು ಸರಿಯಾಗಿಯೇ ಮಾಡಿದ್ದ.

ನಲವತ್ತರ ಮೇಲೆ ಮಕ್ಕಳ ಸಮೇತ ಇಂಗ್ಲೆಂಡಿಗೆ ಓದಲು ಹೊರಟಿದ್ದೀರಾ? ಗೈಡಿಗೆ ಅಧ್ಯಾಯ ಒಪ್ಪಿಸುವ ತಾರೀಖು ಕೊಡುವ ಮುನ್ನ ಶಾಲೆಯ ರಜಾಪಟ್ಟಿ ನೋಡಿಕೊಳ್ಳಿ. ಆರೇಳು ವಾರಕ್ಕೊಂದು ರಜೆ ಇರುತ್ತದೆ. ಆಗ ಅಧ್ಯಾಯ ಏಳುವುದಿಲ್ಲ, ದೋಸೆ ಏಳುತ್ತದೆ.