ಒನಕೆಗೆ ಕರೆಂಟು ಕೊಡಬೇಡಿ ಸ್ವಾಮಿ

ಮಾನ್ಯ ನಿರ್ದೇಶಕರೇ,

ನಿಮ್ಮ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಚಿತ್ರ ಇನ್ನೂ ಸೆಟ್ಟೇರಿಲ್ಲ, ಈಗಲೇ ಪುಕ್ಕಟೆ ಪ್ರಚಾರ ಯಾಕೆ? ಹೋದ ತಿಂಗಳು ಬಿಳಿ ಕಾರಿನಲ್ಲಿ ನಾಲ್ಕು ಜನ ಬಂದು, ಲೊಕೇಶನ್ ನೋಡುತ್ತೇವೆಂದು ಮಧುಗಿರಿ ಬೆಟ್ಟ ಹತ್ತಿ, ಅರ್ಧಕ್ಕೇ ಏದುಸಿರು ಬಿಟ್ಟು ಇಳಿದು, ಬಸ್ ಸ್ಟ್ಯಾಂಡ್ ಹತ್ತಿರ ಎಳನೀರು ಕುಡಿದು, ಪಕ್ಕದ ಅಂಗಡಿಯಲ್ಲಿ ಹದಿನೆಂಟು ಪುಟ, ಮೂರು ಸೆಟ್ ಜೆರಾಕ್ಸ್ ಮಾಡಿಸಿದಿರಲ್ಲ, ಆ ಅಂಗಡಿಯವನು ನಾನು.

ಜೆರಾಕ್ಸ್ ಅಂಗಡಿಯವರಿಗೆ ಓದಲು ಬರುವುದಿಲ್ಲ ಎಂದು ಊರೆಲ್ಲ ನಂಬಿದೆ. ಆ ನಂಬಿಕೆಯ ಮೇಲೇ ನಮ್ಮ ವ್ಯಾಪಾರ. ಪಹಣಿ, ವಿಲ್ಲು, ವಿಚ್ಛೇದನದ ನೋಟಿಸು, ಹುಡುಗಿಯ ಜಾತಕ, ಎಲ್ಲವೂ ನಮ್ಮ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗುತ್ತವೆ. ನಾವು ಕಣ್ಣು ಹಾಯಿಸುವುದಿಲ್ಲ. ಆದರೆ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಓಬವ್ವನ ಹೆಸರು, ಅದರ ಕೆಳಗೆ 'ಕನ್ನಡದ ಮೊದಲ ಸೂಪರ್ ಹೀರೋಯಿನ್' ಅಂತ ಇದ್ದರೆ ಕಣ್ಣು ಮುಚ್ಚಿಕೊಂಡು ಮಿಷಿನ್ ಓಡಿಸಲು ನಾನೇನು ಋಷಿಯಲ್ಲ. ಓದಿದೆ. ಮೂರು ಸೆಟ್ಟಾದ್ದರಿಂದ ಮೂರು ಸಲ ಓದಿದೆ.

ನನ್ನ ಅರ್ಹತೆ ಏನು ಅಂತ ನೀವು ಕೇಳಬಹುದು. ನಾನು ಕಾಮಿಕ್ಸ್ ಹುಚ್ಚ. 'ಸುಧಾ' ಬಂದ ದಿನ ಫ್ಯಾಂಟಮ್ ಪುಟಕ್ಕಾಗಿ ಅಕ್ಕನ ಜಡೆ ಎಳೆದವನು. ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆ ಫುಟ್‌ಪಾತಿನಲ್ಲಿ ಕುಕ್ಕರಗಾಲಲ್ಲಿ ಕೂತು ಹರಕಲು ವಂಡರ್ ವುಮನ್ ಆರಿಸಿ ತಂದವನು. ಕಾಮಿಕ್ಸ್ ಎಲ್ಲ ಇಂಗ್ಲಿಷಿನವರ ಸೊತ್ತು ಎಂದು ನಿಮ್ಮ ಅಸಿಸ್ಟೆಂಟ್ ಹುಡುಗ ಎಳನೀರಿನವನಿಗೆ ಬುದ್ಧಿ ಹೇಳುತ್ತಿದ್ದ. ಅವನಿಗೆ ತಿಳಿಸಿ: ಅಮರ ಚಿತ್ರ ಕಥೆ ಮೊದಲು ಕಣ್ಣುಬಿಟ್ಟದ್ದು ಕನ್ನಡದಲ್ಲಿ, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಬೆಂಗಳೂರಲ್ಲಿ ಹೊರತಂದಾಗ. ಮೊದಲ ಹತ್ತು ಪುಸ್ತಕ ಕನ್ನಡದವು. ಅದಕ್ಕೇ ಇಂಗ್ಲಿಷ್ ಸರಣಿ ಹನ್ನೊಂದರಿಂದ ಶುರುವಾಗುತ್ತದೆ. ಆ ಹತ್ತರಲ್ಲಿ ಸಿಂಡ್ರೆಲಾಳಂಥ ಪರದೇಶಿ ಕಥೆಗಳಿದ್ದವು ಅನ್ನುವುದು ಬೇರೆ ಮಾತು. ನಮ್ಮದು ಅಂತ ಹೊರಟಾಗಲೂ ನಮಗೆ ಮೊದಲು ನೆನಪಾಗುವುದು ಪಕ್ಕದ ಮನೆಯವರ ಹುಡುಗಿ.

ಈ ಸಲದ ಪಕ್ಕದ ಮನೆ ಕೇರಳ. 2025ರ ಓಣಂಗೆ 'ಲೋಕಾ' ಬಂತು, ಕಲ್ಯಾಣಿ ಪ್ರಿಯದರ್ಶನ್ ಸೂಪರ್ ಹೀರೋಯಿನ್ ಆದಳು, ಸುಮಾರು 300 ಕೋಟಿ ಬಾಚಿತು. ಅಲ್ಲಿಂದ ಗಾಂಧಿನಗರದಲ್ಲಿ ಯಾರಿಗೂ ನಿದ್ದೆಯಿಲ್ಲ. ಮಲಯಾಳದವರು ಮಾಡಿದ್ದೇನು? ತಮ್ಮ ಅಜ್ಜಿಯರು ಹೇಳುತ್ತಿದ್ದ ಕಳ್ಳಿಯಂಕಾಟ್ಟು ನೀಲಿಯೆಂಬ ಯಕ್ಷಿಯನ್ನು ತಂದು ನಮ್ಮ ಬೆಂಗಳೂರಿನಲ್ಲಿ ಬಾಡಿಗೆಗೆ ಇಟ್ಟರು. ಬೆಂಗಳೂರು ನಮ್ಮದು, ಯಕ್ಷಿ ಅವರದು, ದುಡ್ಡೂ ಅವರದೇ. ಹೊಟ್ಟೆ ಉರಿಯುವುದು ಸಹಜ, ನನಗೂ ಉರಿಯಿತು. ಉರಿದ ಹೊಟ್ಟೆಯಲ್ಲಿ ನೀವು ಬರೆದ ಹದಿನೆಂಟು ಪುಟ ನೋಡಿದ ಮೇಲೆ ಆರಿತು, ಬೇರೆ ಕಡೆ ಉರಿ ಶುರುವಾಯಿತು.

ನಿಮ್ಮ ಕಥೆಯಲ್ಲಿ ಆಕಾಶದಿಂದ ಉಲ್ಕೆ ಬೀಳುತ್ತದೆ. ಅದು ಓಬವ್ವನ ಒನಕೆಗೆ ತಾಗುತ್ತದೆ. ಒನಕೆ ನೀಲಿಯಾಗಿ ಹೊಳೆಯುತ್ತದೆ, ಕರೆಂಟು ಹರಿಯುತ್ತದೆ, ಒಂದು ಸಲ ಬೀಸಿದರೆ ಇಪ್ಪತ್ತು ಜನ ಸೈನಿಕರು ಸಿರಾ ಟೋಲ್‌ಗೇಟ್‌ವರೆಗೂ ಹಾರಿಹೋಗುತ್ತಾರೆ.

ಸ್ವಾಮಿ, ನೀವು ಒನಕೆ ಹಿಡಿದಿದ್ದೀರಾ? ನಮ್ಮ ಮನೆ ಅಟ್ಟದ ಮೇಲೆ ಅಮ್ಮನದು ಒಂದಿದೆ. ನಿಲ್ಲಿಸಿದರೆ ನನ್ನ ಎದೆಮಟ್ಟ. ತುದಿಗೆ ಕಬ್ಬಿಣದ ಬಳೆ. ನಡುವೆ ಹಿಡಿಯುವ ಜಾಗ ಅಂಗೈ ಉಜ್ಜಿ ಉಜ್ಜಿ ಸಣ್ಣಗಾಗಿ, ಗಾಜಿನಷ್ಟು ನುಣುಪಾಗಿದೆ. ಖಾರದ ಪುಡಿ ಕುಟ್ಟುವ ದಿನ ಅಮ್ಮ, ಅಕ್ಕ ಎದುರುಬದುರು ನಿಲ್ಲುತ್ತಿದ್ದರು. ಇವಳದು ಏಳುವಾಗ ಅವಳದು ಬೀಳಬೇಕು, ಒಂದಕ್ಕೊಂದು ತಾಗಕೂಡದು, ನಡುನಡುವೆ ಮಾತೂ ನಿಲ್ಲಕೂಡದು. ಒಂದು ಸಲ ನಾನು ಗಂಡಸುತನ ತೋರಿಸಲು ಹೋಗಿ ಅಮ್ಮನ ಕೈಯಿಂದ ಕಿತ್ತುಕೊಂಡು ಬಲ ಹಾಕಿ ಒತ್ತಿದೆ. ಹತ್ತು ಏಟಿಗೆ ಭುಜ ಬಿದ್ದುಹೋಯಿತು. ಮೆಣಸಿನಕಾಯಿ ಒರಳಿನ ಹೊರಗೆ, ಘಾಟು ನನ್ನ ಮೂಗಿನ ಒಳಗೆ. ಅಮ್ಮ ಅಂದದ್ದು ಇಷ್ಟೇ: "ಒತ್ತಬ್ಯಾಡ ಕಣೋ. ಎತ್ತು, ಬಿಡು."

ಬೀಳುವುದು ಒನಕೆಯ ಕೆಲಸ, ಎತ್ತುವುದಷ್ಟೇ ಹೆಂಗಸಿನದು. ಈಗ ಹೈದರಾಲಿಯ ಸೈನಿಕರು ನುಸುಳಿದ ಚಿತ್ರದುರ್ಗದ ಕೋಟೆಯ ಆ ಕಿಂಡಿಯನ್ನು ನೆನೆಸಿಕೊಳ್ಳಿ. ಒಬ್ಬನೇ ಒಬ್ಬ ನುಸುಳುವಷ್ಟು ಜಾಗ. ನನ್ನ ಹೊಟ್ಟೆ ಅಲ್ಲಿ ಎರಡು ನಿಮಿಷ ಯೋಚನೆ ಮಾಡಿತ್ತು. ಒಳಗೆ ಬರುವವನು ತಲೆ ಮುಂದು ಮಾಡಿಯೇ ಬರಬೇಕು. ಬಾಯಗಲಿಸಿದ ಕಲ್ಲು, ಅದರೊಳಗಿಂದ ಒಂದು ತಲೆ. ಒರಳಿಗೂ ಅದಕ್ಕೂ ಏನು ವ್ಯತ್ಯಾಸ? ಏಟು ಹಾಕುವುದಕ್ಕಿಂತ ಕಷ್ಟ ಆಮೇಲಿನದು. ಬಿದ್ದವನನ್ನು ಸದ್ದಾಗದಂತೆ ಎಳೆದು ಪಕ್ಕಕ್ಕೆ ಹಾಕಬೇಕು, ಹಿಂದಿನವನಿಗೆ ಅನುಮಾನ ಬರುವ ಮುಂಚೆ ಮತ್ತೆ ನಿಂತುಕೊಳ್ಳಬೇಕು. ಕುಟ್ಟು, ತೆಗೆ, ಮತ್ತೆ ಹಾಕು. ಅದು ದಿನಾ ಮಾಡಿದ ಕೆಲಸ ಸ್ವಾಮಿ. ಉಲ್ಕೆ ಬಿದ್ದರೆ ಆ ಅಂಗೈ ಸವೆತಕ್ಕೆ ಏನು ಬೆಲೆ ಉಳಿಯಿತು?

ಇನ್ನು ಅವಳ ಗಂಡ. ಕಹಳೆ ಮುದ್ದಹನುಮ ನಿಮ್ಮ ಕಥೆಯಲ್ಲಿ ಅದೇ ಹೊತ್ತಿಗೆ ಕೋಟೆಯ ಇನ್ನೊಂದು ಬಾಗಿಲಲ್ಲಿ ನೂರು ಜನರ ಜೊತೆ ಕತ್ತಿವರಸೆ ಮಾಡುತ್ತಿದ್ದಾನೆ. ಇಲ್ಲ, ಅವನು ಊಟ ಮಾಡುತ್ತಿದ್ದ. ಊಟ! ಕಥೆ ನಿಂತಿರುವುದೇ ಆ ಊಟದ ಮೇಲೆ. ಕಾವಲಿನವನು ಮನೆಗೆ ಉಣ್ಣಲು ಹೋದ, ಹೆಂಡತಿ ನೀರಿಗೆ ಹೋದಳು, ಕಿಂಡಿಯಲ್ಲಿ ಪಿಸುಮಾತು ಕೇಳಿಸಿತು. ಗಂಡನನ್ನು ಕರೆಯಲು ಓಡಲಿಲ್ಲ, ಉಣ್ಣುತ್ತಿದ್ದಾನೆ, ಉಣ್ಣಲಿ ಅಂದುಕೊಂಡಳೇನೋ. ಮುದ್ದೆ ಮುರಿಯುವವನನ್ನು ಎಬ್ಬಿಸಬಾರದು ಅನ್ನುವುದು ನಮ್ಮ ಸೀಮೆಯಲ್ಲಿ ಇವತ್ತಿಗೂ ಕಾನೂನು. ಅವನನ್ನು ಹೀರೋ ಮಾಡಲು ನೀವು ತಟ್ಟೆಯಿಂದ ಎಬ್ಬಿಸಿದಿರಿ.

ಗಂಡಸರಿಗಾಗಿ ಹಿಂದೆ ಸರಿಯುವ ಈ ಗತಿ ವಂಡರ್ ವುಮನ್‌ಗೂ ಆಗಿತ್ತು. 1941ರಲ್ಲಿ ಅವಳನ್ನು ಹುಟ್ಟಿಸಿದವರು ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್. ಮರುವರ್ಷ ಅವಳನ್ನು ಗಂಡು ವೀರರ ಸಂಘಕ್ಕೆ ಸೇರಿಸಿಕೊಂಡು ಕೊಟ್ಟ ಹುದ್ದೆ ಯಾವುದು ಗೊತ್ತೇ? ಸೆಕ್ರೆಟರಿ. ಕೈಬಳೆಯಲ್ಲಿ ಗುಂಡು ತಡೆಯುವವಳು ಮೀಟಿಂಗಿನ ನಡಾವಳಿ ಬರೆದುಕೊಂಡು ಕೂತಳು, ಉಳಿದವರು ಯುದ್ಧಕ್ಕೆ ಹೊರಟರು. ನಮ್ಮ ಸೀಮೆಯಲ್ಲಿ ಇದು ಯಾರಿಗೂ ಹೊಸದಲ್ಲ. ಗ್ರಾಮ ಪಂಚಾಯ್ತಿ ಅಧ್ಯಕ್ಷೆಯ ಸೀಲು ಮಾಡಿಸಲು ನನ್ನ ಅಂಗಡಿಗೆ ಬರುವವರು 'ಅಧ್ಯಕ್ಷರ ಯಜಮಾನರು'.

ವಂಡರ್ ವುಮನ್‌ಳ ಪೂರ್ಣ ಪ್ರಮಾಣದ ಒಂದು ಸಿನಿಮಾ ತೆರೆಗೆ ಬರಲು 2017ರವರೆಗೆ, ಅಂದರೆ 76 ವರ್ಷ ಬೇಕಾಯಿತು. ಆಗಲೂ ಅವಳು ಕಂದಕದಿಂದ ಏಣಿ ಹತ್ತಿ ಗುಂಡಿನ ಮಳೆಗೆ ಒಬ್ಬಳೇ ನಡೆಯುವ ದೃಶ್ಯ ಯಾಕೆ ಬೇಕು ಎಂದು ತಂಡದ ಕೆಲವರೇ ತಲೆ ಕೆರೆದುಕೊಂಡಿದ್ದರಂತೆ. ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್ ಹಟ ಹಿಡಿದರು. ಜನ ಅತ್ತದ್ದು ಅಲ್ಲೇ. ಒಂದು ಸಣ್ಣ ಉಪಕಥೆ: ಫ್ಯಾಂಟಮ್‌ನ ಹುಡುಗಿಯೂ ಡಯಾನಾ, ವಂಡರ್ ವುಮನ್ನೂ ಡಯಾನಾ. ಮೊದಲ ಡಯಾನಾ 1936ರಿಂದ 1977ರವರೆಗೆ ಮದುವೆಗೆ ಕಾದಳು, ಕಾಯುತ್ತಲೇ ವಿಶ್ವಸಂಸ್ಥೆಯಲ್ಲಿ ಕೆಲಸಕ್ಕೂ ಸೇರಿದಳು. ಎರಡನೇ ಡಯಾನಾಳನ್ನು 2016ರಲ್ಲಿ ಅದೇ ವಿಶ್ವಸಂಸ್ಥೆ ಗೌರವ ರಾಯಭಾರಿ ಮಾಡಿ, ಅವಳ ಉಡುಪು ಸರಿಯಿಲ್ಲವೆಂದು ಸಿಬ್ಬಂದಿ ಗಲಾಟೆ ಮಾಡಿದ ಮೇಲೆ ಎರಡು ತಿಂಗಳೊಳಗೆ ಕೈಬಿಟ್ಟಿತು. ಕಾಯಂ ಆಗುವ ಮುಂಚೆಯೇ ಮನೆಗೆ ಕಳಿಸುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಉಡುಪು ಅಂದೆ, ನೆನಪಾಯಿತು. ಐದನೇ ಪುಟದಲ್ಲಿ ಓಬವ್ವನಿಗೆ ಚರ್ಮದ ಕವಚ, ಬೆನ್ನಿಗೆ ಕೇಪು. ಏಪ್ರಿಲ್‌ನಲ್ಲಿ ಪಾವಗಡದಲ್ಲಿ ಶೂಟಿಂಗ್ ಅಂತಲೂ ಬರೆದಿದ್ದೀರಿ. ಪಾವಗಡದ ಏಪ್ರಿಲ್‌ನಲ್ಲಿ ಚರ್ಮ ತೊಟ್ಟ ನಾಯಕಿಗೆ ಹೈದರನ ಸೈನ್ಯ ಬೇಕಾಗಿಲ್ಲ, ಬಿಸಿಲೇ ಸಾಕು. ಆ ನಾಯಕಿಯೂ ಮುಂಬೈಯಿಂದ ಬರುವವಳು, ಬೆಳ್ಳಗಿರಬೇಕು ಎಂದು ಪಕ್ಕದಲ್ಲಿ ಪೆನ್ಸಿಲಿನ ಟಿಪ್ಪಣಿ. ಓಬವ್ವ ಛಲವಾದಿಗಳ ಮನೆಮಗಳು. ಇದು ಹದಿನೆಂಟು ಪುಟದಲ್ಲಿ ಎಲ್ಲೂ ಇಲ್ಲ. ಉಲ್ಕೆಗೆ ಒಂದೂವರೆ ಪುಟ ಇದೆ.

ಪಾವಗಡದ ಸೋಲಾರ್ ಪಾರ್ಕ್ ಮಾತ್ರ ಚೆನ್ನಾಗಿ ಹಿಡಿದಿದ್ದೀರಿ, ಒಪ್ಪಿದೆ. ತಿರುಮಣಿ ಕಡೆ 13,000 ಎಕರೆಯಲ್ಲಿ ಹಾಸಿದ ಆ ಪ್ಯಾನಲ್‌ಗಳು ದೂರದಿಂದ ತುಂಬಿದ ಕೆರೆಯ ಹಾಗೆ ಕಾಣುತ್ತವೆ. ಕೆರೆ ತುಂಬಿದ್ದನ್ನು ನೋಡಿ ಮರೆತ ಸೀಮೆಗೆ ಅದೂ ಒಂದು ಗ್ರಾಫಿಕ್ಸೇ. ವಂಡರ್ ವುಮನ್‌ನ ದ್ವೀಪದಂಥದ್ದನ್ನು ತೋರಿಸಬೇಕಾದರೆ ನಿಮಗೆ ಸಮುದ್ರದ ಖರ್ಚು ಉಳಿಯುತ್ತದೆ. ಆ ದ್ವೀಪದ ಹೆಸರನ್ನು ಸಿನಿಮಾದವರು ಥೆಮಿಸ್ಕೀರಾ ಅನ್ನುತ್ತಾರೆ. ನಾನು ಫುಟ್‌ಪಾತ್ ಪುಸ್ತಕದಲ್ಲಿ ಓದಿಕೊಂಡದ್ದು 'ಥೆಮಿಸಿರಾ'. ಹೆಂಗಸರೇ ಆಳುವ ಊರು ನಮ್ಮ ಸಿರಾ ಪಕ್ಕದಲ್ಲೇ ಎಲ್ಲೋ ಇರಬೇಕೆಂದು ಎಷ್ಟೋ ವರ್ಷ ನಂಬಿದ್ದೆ.

ನಿಜವಾದ ಸಿರಾವನ್ನು ನೀವು ಬಿಟ್ಟೇಬಿಟ್ಟಿರಿ, ಅದು ಬೇಜಾರು. ಖಳನಾಯಕನಿಗೆ ಹಿನ್ನೆಲೆ ಸಾಲದು ಅಂತ ನೀವೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೀರಿ. ಹೈದರಾಲಿ ನವಾಬನಾದದ್ದೇ ಸಿರಾ ಹೆಸರಿನಲ್ಲಿ. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಅವನಿಗೆ 'ಸಿರಾದ ನವಾಬ' ಎಂಬ ಪಟ್ಟವನ್ನು ಮೂರು ಲಕ್ಷ ರೂಪಾಯಿಗೆ ಮಾರಿದ. ಆಗ ಸಿರಾ ಬಸಾಲತ್ ಜಂಗನ ಕೈಯಲ್ಲಿ ಇರಲೇ ಇಲ್ಲ, ಮರಾಠರ ಕೈಯಲ್ಲಿತ್ತು! ತನ್ನದಲ್ಲದ ಜಾಗವನ್ನು ಪತ್ರ ಮಾಡಿಕೊಟ್ಟು ಕಾಸು ಎಣಿಸಿಕೊಂಡು ಹೋದ ಈ ಪುಣ್ಯಾತ್ಮನೇ ನಮ್ಮ ಲೇಔಟಿನವರ ಮೂಲಪುರುಷ. ಹೈದರಾಲಿ ಆಮೇಲೆ ಬಂದು ಕಬ್ಜಾ ತಗೊಂಡ. ಇಂಥ ದೃಶ್ಯ ಕೈಯಲ್ಲಿದ್ದೂ ನೀವು ಖಳನಿಗೆ ಮಾಂತ್ರಿಕ ಕಣ್ಣು ಕೊಟ್ಟಿದ್ದೀರಿ.

ಒಂಬತ್ತನೇ ಪುಟದಲ್ಲಿ ಗುಪ್ತಚರನಿಂದ ನಿಜ ಹೊರಡಿಸಲು ಚಿನ್ನದ ಹಗ್ಗ ಬರುತ್ತದೆ. ವಂಡರ್ ವುಮನ್‌ನಿಂದ ಎತ್ತಿದ್ದು, ಮುಚ್ಚುಮರೆ ಬೇಡ. ಅದನ್ನು ಅವಳ ಕೈಗೆ ಕೊಟ್ಟ ಮಾರ್ಸ್ಟನ್ ರಕ್ತದೊತ್ತಡ ನೋಡಿ ಸುಳ್ಳು ಹಿಡಿಯುವ ಪರೀಕ್ಷೆ ಕಂಡುಹಿಡಿದವರು. ನಮಗೆ ಆ ಖರ್ಚೂ ಬೇಡ. ಗುಪ್ತಚರನನ್ನು ಪಾವಗಡದ ಶನಿಮಹಾತ್ಮನ ಮುಂದೆ ನಿಲ್ಲಿಸಿ 'ಆಣೆ ಮಾಡು' ಅನ್ನಿ, ಸಾಕು. ಪ್ಯಾನ್ ಇಂಡಿಯಾ ಅಂತೀರಲ್ಲ, ಅದಕ್ಕೂ ಪಾವಗಡವೇ ಸರಿ. ಅಲ್ಲಿನವರು ಕನ್ನಡದಲ್ಲಿ ಅರ್ಜಿ ಕೊಟ್ಟು, ತೆಲುಗಿನಲ್ಲಿ ಬೈದು, ಎರಡರಲ್ಲೂ ಸೀಟಿ ಹೊಡೆಯುತ್ತಾರೆ. ಡಬ್ಬಿಂಗ್ ಖರ್ಚು ಉಳಿಯಿತು. ನಿರ್ಮಾಪಕರು ಸ್ಕ್ರಿಪ್ಟನ್ನು ಕೊರಟಗೆರೆ ದಾಟಿ ಗೊರವನಹಳ್ಳಿ ಲಕ್ಷ್ಮಿಯ ಮುಂದೆ ಇಟ್ಟು ಪೂಜೆ ಮಾಡಿಸುತ್ತಾರಂತೆ. ಮಾಡಿಸಲಿ. ಪೂಜೆಗೆ ಮುಂಚೆ ತಿದ್ದಿದರೆ ದೇವಿಗೂ ಸಮಾಧಾನ.

ಓಬವ್ವನನ್ನು ಸಿನಿಮಾಕ್ಕೆ ತಂದವರಲ್ಲಿ ನೀವು ಮೊದಲಿಗರಲ್ಲ. 1972ರ ಜುಲೈನಲ್ಲಿ ಅಮೆರಿಕದಲ್ಲಿ 'ಮಿಜ್' (Ms.) ಎಂಬ ಹೆಂಗಸರ ಪತ್ರಿಕೆ ವಂಡರ್ ವುಮನ್‌ಳನ್ನು ರಾಷ್ಟ್ರಾಧ್ಯಕ್ಷೆ ಮಾಡಿ ಎಂದು ಮುಖಪುಟದಲ್ಲಿ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂತು. ಮೂಲ ಕಾದಂಬರಿಕಾರ ತ.ರಾ.ಸು. ಅವರಿಗೆ ಆ ಚಿತ್ರ ಹಿಡಿಸಲಿಲ್ಲ, ತಮ್ಮ ನಾಗರಹಾವು ಕೇರೆಹಾವಾಯಿತೆಂದು ಸಿಟ್ಟಾದರೆಂಬುದು ಎಲ್ಲರ ಬಾಯಲ್ಲೂ ಇದೆ. ಮೂರು ಕಾದಂಬರಿಯನ್ನು ಒಂದೇ ಚೀಲಕ್ಕೆ ತುರುಕಿದರೆ ಬರೆದವರಿಗೆ ಸಿಟ್ಟು ಬರದೆ ಇರುತ್ತದೆಯೇ. ಆದರೂ ಆ ಚಿತ್ರದೊಳಗೆ ಜಯಂತಿ ಓಬವ್ವನಾಗಿ ಬಂದದ್ದು ಒಂದು ಹಾಡಿಗೆ ಮಾತ್ರ. ಕೆಲವೇ ನಿಮಿಷ. ಉಲ್ಕೆಯಿಲ್ಲ, ಕೇಪಿಲ್ಲ, ನೆರವಿಗೆ ಗಂಡಸಿಲ್ಲ. ವಿಷ್ಣುವರ್ಧನ್, ಅಂಬರೀಷ್ ಇಬ್ಬರನ್ನೂ ಎತ್ತಿ ನಿಲ್ಲಿಸಿದ ಚಿತ್ರ ಅದು. ಆದರೆ ರಾಜ್ಯೋತ್ಸವದ ನವೆಂಬರ್ ಬಂದರೆ ನನ್ನ ಅಂಗಡಿಗೆ ಚಾರ್ಟ್ ಪೇಪರ್ ಕೇಳಿಕೊಂಡು ಬರುವ ತಾಯಂದಿರು ಮಕ್ಕಳಿಗೆ ಆ ಚಿತ್ರದ ನಾಯಕ ರಾಮಾಚಾರಿಯ ವೇಷ ಹಾಕಲು ಬರುವುದಿಲ್ಲ, ಓಬವ್ವನ ವೇಷಕ್ಕೆ ಬರುತ್ತಾರೆ. ಕಂದು ಚಾರ್ಟು, ಎರಡು ಶೀಟು, ಸುತ್ತಿ ಗಮ್ ಹಚ್ಚಿದರೆ ಒನಕೆ. ಹೋದ ವರ್ಷ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಅಂಗಡಿಯಲ್ಲೇ ಅದನ್ನು ಎತ್ತಿ ಪರೀಕ್ಷೆ ಮಾಡಿದಳು. ನನ್ನ ಕ್ಯಾಲ್ಕುಲೇಟರ್ ಕೆಳಗೆ ಬಿತ್ತು. ಒತ್ತಲಿಲ್ಲ, ಎತ್ತಿ ಬಿಟ್ಟಳು. ಯಾರು ಹೇಳಿಕೊಟ್ಟರೋ.

ಒನಕೆ ಬೇಕಿದ್ದರೆ ನಮ್ಮ ಅಟ್ಟದ್ದು ಕೊಡುತ್ತೇನೆ, ಬಾಡಿಗೆ ಬೇಡ. ನಿಮ್ಮ ಮುಂಬೈ ನಾಯಕಿಯನ್ನು ಒಂದು ದಿನ ಮುಂಚಿತವಾಗಿ ಕಳಿಸಿ. ಅಕ್ಕ ಈಗಲೂ ಗಟ್ಟಿಯಾಗಿದ್ದಾಳೆ, ಒಂದು ಸೇರು ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸುತ್ತಾಳೆ. ಪುಡಿ ನೀವೇ ಒಯ್ಯಬಹುದು.

ಇಂತಿ ನಿಮ್ಮ ಹಿತೈಷಿ,
ಜೆರಾಕ್ಸ್ ಅಂಗಡಿಯವನು, ಮಧುಗಿರಿ

ತಾ.ಕ.: ಅವಸರದಲ್ಲಿ ನಿಮ್ಮ ಮೂಲಪ್ರತಿಯ ಹನ್ನೆರಡನೇ ಪುಟ ನನ್ನ ಮಿಷಿನ್ ಗಾಜಿನ ಮೇಲೇ ಉಳಿದಿದೆ, ಎಲ್ಲರೂ ಮಾಡುವ ತಪ್ಪೇ. ಸ್ಟಾರ್ ನಟರು ಕುದುರೆ ಮೇಲೆ ಅತಿಥಿಯಾಗಿ ಬಂದು ಓಬವ್ವನನ್ನು ಕಾಪಾಡುವ ಪುಟ ಅದು. ಜೋಪಾನವಾಗಿ ಇಟ್ಟಿದ್ದೇನೆ. ಹನ್ನೊಂದಾದ ಮೇಲೆ ನೇರ ಹದಿಮೂರಕ್ಕೆ ಹೋಗಿ ಒಂದು ಸಲ ಓದಿ ನೋಡಿ. ನನಗಂತೂ ಎಲ್ಲೂ ಕೊಂಡಿ ತಪ್ಪಿದಂತೆ ಕಾಣಲಿಲ್ಲ. ಆಮೇಲೂ ಬೇಕೆನಿಸಿದರೆ ಬನ್ನಿ. ಭಾನುವಾರ ಅಂಗಡಿ ರಜೆ.