ಫ್ಯಾನು ಕಮ್ಮಿ ಇಲ್ಲ, ಹಾದಿ ಕಮ್ಮಿ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ನಗೆಯಾಡುತ್ತಾರೆ. ನಾವೂ ಬೆವರೊರೆಸಿಕೊಂಡು ನಗುತ್ತೇವೆ. ನಗದೇ ಇರುವುದು ಮೇಜಿನ ಕೆಳಗಿನ ಕಂಪ್ಯೂಟರ್ ಒಂದೇ. ಏಪ್ರಿಲ್ ಮಧ್ಯಾಹ್ನ ಕೋಣೆಯೊಳಗೇ 40 ಡಿಗ್ರಿ ಮುಟ್ಟಿದಾಗ ಅದರ ಗುಂಯ್‌ಗುಡುವಿಕೆ ಪಕ್ಕದ ಮನೆಗೂ ಕೇಳುತ್ತದೆ.

ಇದಕ್ಕೆ ನಮ್ಮವರಿಗೆ ಗೊತ್ತಿರುವ ಮದ್ದು, ಇನ್ನೊಂದು ಫ್ಯಾನು. ಅದೂ ಬಣ್ಣದ ದೀಪದ್ದೇ ಬೇಕು. ರಿಪೇರಿ ಹುಡುಗ ಒಂದು ಕ್ಯಾಬಿನೆಟ್ಟಿನ ಬಾಗಿಲು ತೆಗೆದವನೇ ತಲೆ ಕೆರೆದುಕೊಂಡ: “ಅಣ್ಣಾ, ಇದ್ರಾಗ ಫ್ಯಾನು ಕಮ್ಮಿ ಇಲ್ಲ, ಹಾದಿ ಕಮ್ಮಿ ಐತಿ.” ಆರು ಫ್ಯಾನುಗಳೂ ಗಾಳಿಯನ್ನು ಒಳಕ್ಕೇ ನೂಕುತ್ತಿದ್ದವು, ಹೊರಗೆ ಹಾಕುವವರು ಯಾರೂ ಇರಲಿಲ್ಲ.

ಫ್ಯಾನಿಗೆ ಎರಡು ಮುಖ. ರೆಕ್ಕೆ ಬಯಲಾಗಿ ಕಾಣುವ ಕಡೆಯಿಂದ ಗಾಳಿ ಎಳೆಯುತ್ತದೆ, ಮೋಟಾರು ಹಿಡಿದ ಅಡ್ಡಪಟ್ಟಿಗಳ ಕಡೆಯಿಂದ ಬಿಡುತ್ತದೆ. ಮುಂದಿನವು ಒಳಗೆ ತರಲಿ, ಹಿಂದಿನದೂ ಮೇಲಿನದೂ ಹೊರಗೆ ಹಾಕಲಿ. ನಮ್ಮ ಮಾಳಿಗೆ ಮನೆಗಳನ್ನು ಕಟ್ಟಿದವರಿಗೆ ಇದು ತಿಳಿದಿತ್ತು: ಎದುರುಬದುರು ಬಾಗಿಲು, ನೆತ್ತಿಗೊಂದು ಬೆಳಕಿಂಡಿ. ಹಾಗಂತ ಫ್ಯಾನಿನಿಂದ ಪವಾಡ ಬೇಡಬಾರದು. ಕೋಣೆಯ ಗಾಳಿಗಿಂತ ತಣ್ಣಗೆ ಅದು ಯಾವುದನ್ನೂ ಮಾಡದು. ಬೆಂಗಳೂರಿನ 27 ಡಿಗ್ರಿಯಲ್ಲಿ ಪ್ರೊಸೆಸರ್ 70ಕ್ಕೆ ನಿಂತರೆ, ಅದೇ ಕೆಲಸಕ್ಕೆ ಇಲ್ಲಿ 83ರ ಆಸುಪಾಸು. ನೂರರ ಹತ್ತಿರ ಬಂದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ; ಮೇ ತಿಂಗಳ ಮಧ್ಯಾಹ್ನ ನಾವು ಮಾಡುವುದೂ ಅದನ್ನೇ, ಆದರೆ ನಮ್ಮನ್ನು ಸೋಮಾರಿ ಎನ್ನುತ್ತಾರೆ.

ಇಲ್ಲಿನ ನಿಜವಾದ ಶತ್ರು ಬಿಸಿಲಲ್ಲ, ಧೂಳು. ಕ್ಯಾಬಿನೆಟ್ ಬಿಚ್ಚಿದರೆ ಸಾಕು, ಯಾವ ಕಡೆಯದ್ದೆಂದು ಹೇಳಬಹುದು. ಅದಿರು ಲಾರಿಗಳ ಹೆದ್ದಾರಿ ಬದಿಯದ್ದಾದರೆ ಕೆಂಪು. ಸಿರುಗುಪ್ಪದ ರೈಸ್ ಮಿಲ್ಲಿನ ಆಫೀಸಿನದ್ದಾದರೆ ತೌಡಿನ ಹಳದಿ ಪುಡಿ. ಕುರುಗೋಡಿನ ಎರೆಹೊಲಗಳ ಕಡೆಯದ್ದಾದರೆ ಬೂದುಗಪ್ಪು. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದ್ದಂತೂ ನೋಡಬೇಕು: ಹೀಟ್‌ಸಿಂಕಿನ ತಗಡುಗಳ ನಡುವೆ ನೀಲಿ ನೂಲಿನ ಜುಂಗು ಒತ್ತಿ ಕೂತಿರುತ್ತದೆ. ಚಿಮಟದಲ್ಲಿ ಎಳೆದರೆ ಅಂಗೈಯಗಲದ ಬಟ್ಟೆಯೇ ಬರುತ್ತದೆ. ಹೊಲಿದರೆ ಒಂದು ಜೇಬಾದೀತು.

ಆದ್ದರಿಂದ ನಮ್ಮ ಜಿಲ್ಲೆಗೆ ನನ್ನ ತೀರ್ಪು ಇಷ್ಟು: ಹೊರಹೋಗುವ ಗಾಳಿಗಿಂತ ಒಳಬರುವ ಗಾಳಿ ತುಸು ಹೆಚ್ಚಿರಲಿ. ಮುಂದೆ ಎರಡು, ಹಿಂದೆ ಒಂದು ಇದ್ದರೆ ಬೇಕಾದಷ್ಟಾಯಿತು. ಒಳಗೆ ಒತ್ತಡವಿದ್ದರೆ ಗಾಳಿ ಸಂದುಗಳಿಂದ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಅದೇ ಸಂದುಗಳಿಂದ ಧೂಳು ಹೇಳದೆ ಕೇಳದೆ ನುಗ್ಗುತ್ತದೆ. ಬರುವ ಗಾಳಿಗೆ ಮುಂದೊಂದು ಜಾಳಿಗೆ ಇರಲೇಬೇಕು. ವೈರುಗಳನ್ನು ಹಿಂದಕ್ಕೆ ಕಟ್ಟಿ. ಬ್ಲೋವರ್ ಹೊಡೆಸುವಾಗ ರೆಕ್ಕೆಗೆ ಬೆರಳು ಕೊಟ್ಟು ಹಿಡಿಯಿರಿ. ಗಿರಗಿರ ತಿರುಗಿದರೆ ನೋಡಲು ಚೆಂದ, ಬೇರಿಂಗ್ ಹಾಳು.

ಜಾಳಿಗೆಯನ್ನು ತಿಂಗಳಿಗೊಮ್ಮೆಯಾದರೂ ತೊಳೆಯಿರಿ. ಒಣಗುವುದಿಲ್ಲ ಎಂಬ ನೆಪ ಬಳ್ಳಾರಿಯವರು ಹೇಳುವ ಹಾಗಿಲ್ಲ.